ದೇವಕಿ ನಡೆದಳು

ಬಸುರಿ ಹೆಂಡತಿಯನ್ನು ನೋಡಿಕೊಳ್ಳುವುದು ಹೇಗೆಂದು ಮಂಜೇಶ್ವರದ ಗಂಡಸರಿಗೆಲ್ಲ ಪಾಠ ಹೇಳಬಲ್ಲೆ ಎಂಬ ಧೈರ್ಯ ನನಗೆ ಒಂದು ಕಾಲದಲ್ಲಿತ್ತು. ನಾನು ಶಾಲೆಯ ಮಾಷ್ಟ್ರು. ಪಾಠ ಹೇಳಲು ವಿಷಯ ತಿಳಿದಿರಲೇಬೇಕೆಂದಿಲ್ಲ!

ಯುದ್ಧ ಮುಗಿದ ಮರುವರ್ಷ ನನ್ನ ಹೆಂಡತಿ ದೇವಕಿ ಎರಡನೆಯ ಸಲ ಬಸುರಿಯಾದಳು. ಮೊದಲನೆಯದು ನಮ್ಮ ಕೈಗೆ ಬಂದಿರಲಿಲ್ಲ. ಗರ್ಭ ಇಳಿದ ದಿನ ಅವಳು ಬಾವಿಯಿಂದ ನೀರು ಸೇದುತ್ತಿದ್ದಳು. ಅದರಿಂದಲೇ ಹಾಗಾಯಿತೆಂದು ಯಾರೂ ಹೇಳಲಿಲ್ಲ, ನಾನೇ ನಿಶ್ಚಯಿಸಿಕೊಂಡೆ. ಆದ್ದರಿಂದ ಈ ಸಲ ಆಕೆ ಚಾಪೆಯಿಂದ ಏಳತಕ್ಕದ್ದಲ್ಲವೆಂದು ಆಜ್ಞೆ ಹೊರಡಿಸಿ, ಬಾವಿಯನ್ನೂ ಕಡೆಯುವ ಕಲ್ಲನ್ನೂ ನನ್ನ ಆಡಳಿತಕ್ಕೆ ತೆಗೆದುಕೊಂಡೆ.

ಮೊದಲ ದಿನ ಕೊಡಪಾನ ಬಾವಿಗೆ ಬಿತ್ತು. ಅದನ್ನೆತ್ತಲು ಇಳಿಸಿದ ಕೊಕ್ಕೆಯೂ ಬಿತ್ತು! ಮರುದಿನ ತೆಂಗಿನಕಾಯಿಯ ಜತೆಗೆ ನನ್ನ ಬೆರಳನ್ನೂ ಅರೆದೆ.

"ಕೂತು ಕೂತು ಸೊಂಟ ಹಿಡಿದಿದೆ. ಅಂಗಳಕ್ಕಾದರೂ ಹೋಗ್ತೇನೆ," ಎಂದಳು ದೇವಕಿ.

"ಎಂತಕ್ಕೆ? ಅಂಗಳ ಅಲ್ಲಿಯೇ ಉಂಟು. ಎಲ್ಲಿಗೂ ಹೋಗುವುದಿಲ್ಲ."

ಆರನೆಯ ತಿಂಗಳಲ್ಲಿ ಅವಳ ಪಾದಗಳು ಊದಿಕೊಂಡವು. ಗಾಬರಿಯಿಂದ ರೈಲು ಹತ್ತಿಸಿ ಮಂಗಳೂರಿಗೆ ಕರೆದೊಯ್ದೆ. ಲೇಡಿ ಡಾಕ್ಟರು ಅವಳನ್ನು ಪರೀಕ್ಷಿಸಿ ನನ್ನತ್ತ ತಿರುಗಿದರು.

"ಇವಳನ್ನು ಕಟ್ಟಿಹಾಕಿದ್ದು ಯಾರು ಮಾಷ್ಟ್ರೆ? ದಿನಾ ನಡೆಯಲಿ. ಹಗುರದ ಕೆಲಸ ಮಾಡಲಿ. ಹೆರುವುದಕ್ಕೆ ಮೈಯಲ್ಲಿ ಬಲ ಬೇಡವಾ?"

"ಹೋದ ಸಲ ಬಾವಿ..." ಎಂದೆ.

"ಅದು ಬಾವಿಯಿಂದ ಆದದ್ದಲ್ಲ," ಎಂದರು ಅವರು ಮೆಲ್ಲಗೆ.

ಆಗ ದೇವಕಿ ಅತ್ತಳು. ತಪ್ಪು ತನ್ನದೆಂದು ಅವಳೂ ಅಷ್ಟು ದಿನ ಅಂದುಕೊಂಡಿದ್ದಳೆಂದು ನನಗೆ ಗೊತ್ತಿರಲಿಲ್ಲ.

ಬಯಕೆಯ ಊಟ ಮುಗಿದು ಅವಳನ್ನು ಕುಂಜತ್ತೂರಿನ ತವರಿಗೆ ಕಳುಹಿಸುವ ದಿನ ಬಂತು. ಬಸುರಿ ಆ ದಾರಿಯನ್ನು ನಡೆದುಹೋಗುವ ಕ್ರಮವಿಲ್ಲ. ಮೋನು ಬ್ಯಾರಿಯ ಎತ್ತಿನ ಗಾಡಿಯಲ್ಲಿ ಬೈಹುಲ್ಲು ಹರಡಿ, ಮೇಲೆ ಹಾಸಿಗೆ ಹಾಸಿದ್ದೆ. ಅರ್ಧ ದಾರಿಯಲ್ಲಿ ದೇವಕಿ ಇಳಿದೇಬಿಟ್ಟಳು.

"ಡಾಕ್ಟ್ರು ಹೇಳಿದ್ದಾರೆ. ನಾನು ನಡೆಯುವುದೇ."

ನಾನೂ ಹಾರಿ ಇಳಿದೆ. ಅವಳ ಒಂದೊಂದು ಹೆಜ್ಜೆಯೂ ನನ್ನ ಕಣ್ಣೆದುರೇ ಬೀಳಬೇಕೆಂದು ಅವಳಿಗೆ ಮುಖ ಮಾಡಿ ಹಿಂದಕ್ಕೆ ನಡೆಯತೊಡಗಿದೆ.

"ಮೆಲ್ಲ! ಅಲ್ಲಿ ಕಲ್ಲುಂಟು. ಇಲ್ಲಿ ಬೇರುಂಟು. ಈ ಬದಿಯಲ್ಲಿ ಒಂದು ಹೊಂಡ..."

ಹೊಂಡ ನಿಜವಾಗಿಯೂ ಇತ್ತು!

"ಮಾಷ್ಟ್ರೆ, ನಿಮಗೆ ಬೆನ್ನಲ್ಲಿ ಕಣ್ಣುಂಟಾ?" ಎನ್ನುತ್ತ ಮೋನು ಬ್ಯಾರಿ ನನ್ನನ್ನು ಎತ್ತಿದ. ಕಾಲು ಉಳುಕಿತ್ತು. ಬಸುರಿಗೆಂದು ಹಾಸಿದ್ದ ಹಾಸಿಗೆಯ ಮೇಲೆ ನನ್ನನ್ನು ಮಲಗಿಸಿದ. ದೇವಕಿ ಗಾಡಿಯ ಪಕ್ಕದಲ್ಲಿ, ಒಂದು ಕೈಯನ್ನು ನನ್ನ ಮೊಣಕಾಲ ಮೇಲಿಟ್ಟುಕೊಂಡು ನಡೆದಳು.

ಸೌದೆ ಹೊತ್ತು ಬರುತ್ತಿದ್ದ ಅಜ್ಜಿಯೊಬ್ಬಳು ನಿಂತೇಬಿಟ್ಟಳು. "ಇದೆಂತ ಮಾರಾಯ್ತಿ! ಬಸುರಿ ನೀನಾ, ಅವನಾ?"

"ಇಬ್ಬರೂ ಅಜ್ಜಿ. ಅವರಿಗೆ ದಿನ ತುಂಬಿದೆ," ಎಂದಳು ದೇವಕಿ.

ಮೋನು ಬ್ಯಾರಿ ನಕ್ಕ ರಭಸಕ್ಕೆ ಎತ್ತುಗಳು ಬೆದರಿದವು. ತವರು ಮುಟ್ಟಿದಾಗ, ಮಗಳ ಕಾಲಿಗೆಂದು ಅತ್ತೆ ಕಾಯಿಸಿಟ್ಟಿದ್ದ ಬಿಸಿನೀರು ನನ್ನ ಕಾಲಿಗೆ ಹೋಯಿತು.

ಅಲ್ಲಿಯೂ ದೇವಕಿ ಬೆಳಿಗ್ಗೆ ಸಂಜೆ ನಡೆದಳು. ಹೆರಿಗೆಯ ದಿನ ನಾನು ಜಗಲಿಯಲ್ಲಿ ನಿಂತಿದ್ದೆ. ಒಳಗಿನಿಂದ ಮಗುವಿನ ಅಳು ಕೇಳಿತು. ಮತ್ತೊಮ್ಮೆ, ಇನ್ನೂ ಗಟ್ಟಿಯಾಗಿ. ಅತ್ತೆ ಹೊರಗೆ ಬಂದರು.

"ಹೆಣ್ಣು. ಇಬ್ಬರೂ ಸೌಖ್ಯ. ನಿಮಗೆಂತ ಆಯಿತು? ಆವಾಗಿನಿಂದ ನಿಂತೇ ಇದ್ದೀರಲ್ಲ! ಮೊದಲು ಕೂತುಕೊಳ್ಳಿ."

ಮಣೆ ತಂದಿಟ್ಟರು. ಕುಳಿತೆ. ಅಷ್ಟು ತಿಂಗಳಲ್ಲಿ ಬೀಳದೆ, ಏನನ್ನೂ ಬೀಳಿಸದೆ ನಾನು ಮಾಡಿದ ಕೆಲಸ ಅದೊಂದೇ!