ಮೊದಲ ಎರಡು ನಿಮಿಷ ರೋಗಿಗೆ

ವಾದದಲ್ಲಿ ನಾನು ಸೋತದ್ದು ಕಡಿಮೆ. ಆದರೆ ಗೆದ್ದ ಮೇಲೆ ಎದುರಿನವರು ನಾನು ಹೇಳಿದಂತೆ ಮಾಡಿದ್ದು ಇನ್ನೂ ಕಡಿಮೆ. ಈ ಎರಡಕ್ಕೂ ಏನಾದರೂ ಸಂಬಂಧ ಇರಬಹುದೆಂದು ಬಹಳ ವರ್ಷ ನನಗೆ ಹೊಳೆದಿರಲಿಲ್ಲ. ಜೇವರ್ಗಿಯಲ್ಲಿ ಕಾಲೇಜು ಓದುವಾಗ ಚರ್ಚಾಸ್ಪರ್ಧೆ ಎಲ್ಲಿದ್ದರೂ ಹೋಗುತ್ತಿದ್ದೆ. ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ. ಬೆಳಿಗ್ಗೆ ಮೊಬೈಲಿನಿಂದಲೇ ದೇಶ ಉದ್ಧಾರವೆಂದು ಕುಟ್ಟಿದ ಟೇಬಲ್ಲನ್ನೇ ಮಧ್ಯಾಹ್ನ ಮೊಬೈಲಿನಿಂದಲೇ ದೇಶ ಹಾಳೆಂದು ಕುಟ್ಟಿದ್ದೂ ಉಂಟು. ಗೆದ್ದ ಕಪ್ಪುಗಳಲ್ಲಿ ದೊಡ್ಡದನ್ನು ನಮ್ಮವ್ವ ತೊಗರಿಬೇಳೆ ಅಳೆಯಲು ಇಟ್ಟುಕೊಂಡಿದ್ದಾಳೆ. "ಇಷ್ಟೊಂದು ಮಾತಾಡಿದ್ದಕ್ಕ ಇದೊಂದರೆ ಉಪಯೋಗ ಆತು ನೋಡು" ಎಂಬುದು ಅವಳ ಅಭಿಪ್ರಾಯ.

ಈಗ ನಾನು ಆಳಂದದಲ್ಲಿ ಹತ್ತು ಹಾಸಿಗೆಯ ಒಂದು ಖಾಸಗಿ ಆಸ್ಪತ್ರೆಗೆ ಮ್ಯಾನೇಜರ್. ನಮ್ಮ ಡಾಕ್ಟರ್ ಮೇಡಂ ಒಮ್ಮೆ ಎರಡು ದಿನದ ತರಬೇತಿಗೆ ಹೋಗಿ ಬಂದರು. ಸಂಸ್ಥೆಯನ್ನು ಬದಲಾಯಿಸುವುದು ಹೇಗೆ, ತಾನು ಬದಲಾಗುವುದು ಹೇಗೆ ಎಂಬುದು ಅಲ್ಲಿನ ಪಾಠ. ಹುಳು ಚಿಟ್ಟೆಯಾಗುವ ಚಿತ್ರ ತೋರಿಸಿದರಂತೆ. ಆ ಹುಳುವಿಗೆ ಯಾರೂ ಎರಡು ದಿನದ ತರಬೇತಿ ಕೊಟ್ಟಿರಲಿಲ್ಲವಲ್ಲ ಎಂದು ನಾನು ಮೇಡಂ ಎದುರೇ ತಕರಾರು ತೆಗೆದೆ. ತಕರಾರು ತೆಗೆದವನು ಅಷ್ಟಕ್ಕೇ ನಿಲ್ಲಬೇಕಿತ್ತು. ನಿಲ್ಲದೆ, "ಬದಲಾವಣೆ ಬೇಕಂದ್ರ ಇಲ್ಲಿ ನೋಡ್ರಿ ಮೇಡಂ. ನಮ್ಮಲ್ಲಿ ಬ್ಯಾನಿ ಒಬ್ಬರದು, ಬಾಯಿ ಇನ್ನೊಬ್ಬರದು" ಎಂದೆ.

ಅದು ನಿಜವೇ ಆಗಿತ್ತು. ನಮ್ಮ ಕಡೆ ಯಾರೂ ಒಬ್ಬರೇ ಆಸ್ಪತ್ರೆಗೆ ಬರುವುದಿಲ್ಲ. ಸೊಸೆಯ ಹೊಟ್ಟೆನೋವನ್ನು ಅತ್ತೆ ಹೇಳುತ್ತಾಳೆ, ಹೆಂಡತಿಯ ತಲೆಸುತ್ತನ್ನು ಗಂಡ ಹೇಳುತ್ತಾನೆ, ಅಜ್ಜನ ಕೆಮ್ಮನ್ನಂತೂ ಮೂವರು ಹಂಚಿಕೊಂಡು ಹೇಳುತ್ತಾರೆ. ರೋಗಿ ಮಾತ್ರ ಯಾರದೋ ಪಂಚಾಯಿತಿಗೆ ಬಂದವರಂತೆ ಗೋಡೆ ನೋಡುತ್ತ ಕೂತಿರುತ್ತಾರೆ.

"ಹಂಗಾರ ನೀವೇ ಮಾಡಿ ತೋರಸ್ರಿ. ಒಂದ್ ತಿಂಗಳು ಟೈಮ್" ಎಂದರು ಮೇಡಂ.

ನಿಯಮ ಬರೆದೆ: ಒಳಗೆ ಬಂದ ಮೊದಲ ಎರಡು ನಿಮಿಷ ರೋಗಿಗೆ ಸೇರಿದ್ದು, ಜೊತೆಗಾರರು ಹೊರಗೆ. ರೋಗಿ ಹೇಳಿದ್ದನ್ನು ನಾನೇ ಬರೆದುಕೊಂಡು ಮೇಡಂಗೆ ಕಳಿಸುವುದು. ನಮ್ಮ ಹಿರಿಯ ನರ್ಸ್ ಕಾಶಿಬಾಯಿ ಓದಿ, "ರೂಲ್ ಚಲೋ ಅದರಿ ಸರ್. ಜನಾನೂ ಹೊಸಾದು ತರಿಸ್ರಿ" ಎಂದರು. ಹದಿನೆಂಟು ವರ್ಷ ಅಲ್ಲೇ ಇದ್ದವರು ಹೊಸದನ್ನು ಒಪ್ಪುವುದಿಲ್ಲ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟೆ.

ಮೊದಲನೇ ದಿನ ಗೊಬ್ಬೂರಿನ ಒಬ್ಬರು ಹೆಂಡತಿಯನ್ನು ಕರೆತಂದರು. ಗಂಡನಿಗೆ ಹೊರಗೆ ಕೂರಲು ಹೇಳಿದೆ. ಅವರು ನಿಜವಾಗಿಯೂ ಗಾಬರಿಯಾದರು. "ನಾ ಹೊರಗ ಹೋದ್ರ ಹ್ಯಾಂಗ್ರಿ? ಆಕಿಗೆ ಏನಾಗ್ಯದ ಅಂತ ಆಕಿಗೇನ್ ಗೊತ್ತು?" ನಾನು ಪೂರ್ವಪಕ್ಷ, ಉತ್ತರಪಕ್ಷ, ಉಪಸಂಹಾರ ಎಲ್ಲವನ್ನೂ ಕ್ರಮವಾಗಿ ಮಂಡಿಸಿದೆ. ಕಾಲು ಗಂಟೆ ಹಿಡಿಯಿತು. "ಖರೇ ಅದರಿ, ಬಿಲ್ಕುಲ್ ಖರೇ" ಎಂದು ಒಪ್ಪಿ, ಹೆಂಡತಿಯ ಹಿಂದೆಯೇ ಒಳಗೆ ನಡೆದರು. ನಾನು ಬಿಡಲಿಲ್ಲ. ಮರುದಿನದಿಂದ ಬಾಗಿಲಿಗೆ ಕುರ್ಚಿ ಅಡ್ಡ ಹಾಕಿಕೊಂಡು ಕೂತೆ. ಜನ ಕಿಟಕಿಗೆ ಹೋದರು. ಕಿಟಕಿ ಮುಚ್ಚಿಸಿದೆ.

ಹೀಗಿರುವಾಗ ಮಾದನಹಿಪ್ಪರಗಾದ ಗೌರಮ್ಮ ಬಂದರು. ಅರವತ್ತು ದಾಟಿದವರು. ಬಿ.ಪಿ. ಎಂದು ನಾಲ್ಕನೇ ಸಲ ಬಂದಿದ್ದರು. ಎರಡು ಸಲ ಗುಳಿಗೆ ಹೆಚ್ಚಿಸಿದರೂ ಅದು ಜಗ್ಗಿರಲಿಲ್ಲ. ಮಗ ಶಿವರಾಜ ಪ್ರತಿ ಸಲವೂ ಎದೆ ತಟ್ಟಿ ಹೇಳುತ್ತಿದ್ದ: "ಒಂದಿನಾನೂ ತಪ್ಪಿಲ್ರಿ. ಮುಂಜಾನೆದ್ದು ಮೊದಲು ಅದನ್ನೇ ಕೇಳ್ತೀನಿ." ಮೇಡಂ ಆ ದಿನ ನನ್ನನ್ನು ಕರೆದು, "ಇವತ್ತೂ ಹಂಗೇ ಇದ್ರ ಇನ್ನೂ ಜೋರಿಂದು ಕೊಡಬೇಕಾಗ್ತದ. ಈ ವಯಸ್ಸಿಗೆ ಅದು ಹಗುರ ಅಲ್ಲ, ಹಂಗೇ ಬಿಟ್ರ ಲಕ್ವಾ ಹೊಡೀತದ. ಸರಿಯಾಗಿ ಕೇಳ್ರಿ" ಎಂದರು.

ಶಿವರಾಜನನ್ನು ಹೊರಗೆ ಕೂರಿಸಿ ಗೌರಮ್ಮನ ಎದುರು ಪೆನ್ನು ಹಿಡಿದು ಕೂತೆ. "ಹೇಳ್ರಿ ಅಮ್ಮಾರ."

"ಏನಿಲ್ಲಪ್ಪ…" ಎಂದು ಅವರು ನಿಲ್ಲಿಸಿದರು.

"ಉಪ್ಪಿನಕಾಯಿ ಜಾಸ್ತಿ ತಿಂತೀರಿ, ಹೌದಲ್ರಿ?"

"ಹೂಂನಪ್ಪ."

"ನಿದ್ದಿ ಬರಂಗಿಲ್ಲ?"

"ಹೂಂ."

"ಮನ್ಯಾಗ ಏನರೆ ಫಿಕರ್?"

"ಹೂಂ, ಬರಕೊ."

ಹಾಳೆ ತುಂಬಿತು. ಅಚ್ಚುಕಟ್ಟಾದ ಅಕ್ಷರ, ಒಂದೂ ಹೊಡೆದುಹಾಕಿದ್ದಿಲ್ಲ. ಕಾಶಿಬಾಯಿ ಬಿ.ಪಿ. ಪಟ್ಟಿ ಬಿಚ್ಚುತ್ತ ನನ್ನನ್ನೇ ನೋಡಿದರು. "ಸರ್, ಮಗನ್ನ ಹೊರಗ ಹಾಕಿ ನೀವೇ ಮಗ ಆಗಿ ಕುಂತೀರಲ್ರಿ? ಎರಡ್ ನಿಮಿಷ ಆಕೀದು ಅಂತ ನೀವೇ ಬರದೀರಿ. ಜರಾ ಬಾಯಿ ಮುಚ್ಚರಿ."

ನನ್ನಲ್ಲಿ ಉತ್ತರವಿತ್ತು. ಒಂದಲ್ಲ, ನಾಲ್ಕು. ನಾಲ್ಕನ್ನೂ ನುಂಗಿದೆ. ವೇದಿಕೆಯ ಮೇಲೆ ಎರಡು ನಿಮಿಷವೆಂದರೆ ಅಧ್ಯಕ್ಷರಿಗೆ ನಮಸ್ಕಾರ ಹೇಳುವುದರಲ್ಲೇ ಮುಗಿಯುತ್ತಿತ್ತು. ಇಲ್ಲಿ ಅದು ಮುಗಿಯುವ ಲಕ್ಷಣವೇ ಕಾಣಲಿಲ್ಲ. ಫ್ಯಾನು ಕಟಕಟ ಎನ್ನುತ್ತಿತ್ತು. ನಾಲಿಗೆಯ ತುದಿಗೆ ಬಂದ ಪ್ರಶ್ನೆಯನ್ನು ತಡೆಯಲು ಪೆನ್ನಿನ ಮುಚ್ಚಳ ಕಚ್ಚಿದೆ. ಗೌರಮ್ಮ ಸೆರಗು ಸರಿಮಾಡಿಕೊಂಡರು, ಬಾಗಿಲ ಕಡೆ ನೋಡಿದರು, ಕಾಶಿಬಾಯಿಯ ಕಡೆ ತಿರುಗಿದರು.

"ನಮ್ಮ ನೆಗೆಣ್ಣಿ ಅದಾಳವ್ವ, ಮೈದುನನ ಹೆಂಡ್ತಿ. ಆಕಿಗೂ ತಲಿ ತಿರುಗ್ತದ. ಒಂದೇ ಮನಿ, ಒಂದೇ ಒಲಿ. ಆಕಿ ಮುಂದ ನಾ ಒಬ್ಬಾಕೀನೇ ಹ್ಯಾಂಗ ನುಂಗಲಿ? ಒಂದಿನ ನಾ ತಗೋತೀನಿ, ಒಂದಿನ ಆಕಿಗೆ ಕೊಡ್ತೀನಿ."

ಪೆನ್ನಿನ ಮುಚ್ಚಳ ಬಾಯಿಂದ ಬಿತ್ತು. ಮೇಡಂ ಅಂದು ಜೋರಿನ ಗುಳಿಗೆ ಬರೆದಿದ್ದರೆ, ಅದರಲ್ಲಿ ಅರ್ಧ ಅವರು ಒಮ್ಮೆಯೂ ಕಾಣದ ಹೆಂಗಸಿನ ಹೊಟ್ಟೆ ಸೇರುತ್ತಿತ್ತು.

ವಿಷಯ ಕಿವಿಗೆ ಬಿದ್ದದ್ದೇ ಶಿವರಾಜ ಒಳಬಂದು, "ಯವ್ವಾ, ನನ್ನ ಮುಂದ ಯಾಕ ಹೇಳ್ಲಿಲ್ಲ?" ಎಂದು ಕೂಗಿದ.

"ನೀ ಎಲ್ಲಿ ಕೇಳಿದ್ದಿ? 'ಇವತ್ತಿನ ಗುಳಿಗಿ ಮುಗದ್ವಲ್ಲ' ಅಂತಿದ್ದಿ. ಮುಗದಾವ ಅಂತಿದ್ದೆ. ಮುಗದೇ ಇರ್ತಿದ್ದವಪ್ಪ."

ಮರುವಾರ ನೆಗೆಣ್ಣಿಯೂ ಬಂದರು. ಅವರದು ಬಿ.ಪಿ. ಅಲ್ಲವೇ ಅಲ್ಲ, ರಕ್ತ ಕಡಿಮೆ. ಇಬ್ಬರಿಗೂ ಬೇರೆ ಬೇರೆ ಬಣ್ಣದ ಗುಳಿಗೆ, ಬೇರೆ ಬೇರೆ ಡಬ್ಬಿ. ಗೌರಮ್ಮನ ಬಿ.ಪಿ. ಹಳೆಯ ಗುಳಿಗೆಗೇ ಇಳಿಯತೊಡಗಿತು. ತಿಂಗಳ ಕೊನೆಗೆ ಮೇಡಂ ನಿಯಮವನ್ನು ಖಾಯಂ ಮಾಡಿದರು, ಒಂದು ತಿದ್ದುಪಡಿಯೊಂದಿಗೆ: ಬರೆದುಕೊಳ್ಳುವವರು ಕಾಶಿಬಾಯಿ, ಮ್ಯಾನೇಜರ್ ಸಹ ಹೊರಗೆ. ಈ ತಿದ್ದುಪಡಿಯ ವಿರುದ್ಧ ಗಟ್ಟಿಯಾದ ವಾದಗಳಿವೆ. ಅವನ್ನು ನಾನು ಮಂಡಿಸುವುದಿಲ್ಲ. ಹೊರಗಿನ ಬೆಂಚಿನ ಮೇಲೆ ಅತ್ತೆಯರ, ಗಂಡಂದಿರ ನಡುವೆ ಕೂತು ದಿನವೂ ಬಾಯಿ ಮುಚ್ಚುವ ಅಭ್ಯಾಸ ಮಾಡುತ್ತಿದ್ದೇನೆ.

ಅಭ್ಯಾಸವನ್ನು ಮನೆಗೂ ತರಬೇಕೆಂದು ನಿಶ್ಚಯಿಸಿ ಕಳೆದ ಭಾನುವಾರ ಜೇವರ್ಗಿಗೆ ಫೋನ್ ಹಚ್ಚಿದೆ. "ಹ್ಯಾಂಗದಿ ಅವ್ವ?" ಎಂದು ಕೇಳಿ, ಊಟ ಮಾಡಿದೆಯೋ, ಮೊಣಕಾಲು ನೋವೋ ಎಂದು ನಾನೇ ಉತ್ತರ ತುಂಬದೆ ಸುಮ್ಮನಾದೆ. ಅವ್ವ ಸ್ವಲ್ಪ ಹೊತ್ತು ಕಾದಳು.

"ಹಲೋ? ಹಲೋ? ಏನಾತಲೇ, ಆರಾಮ ಅದಿಯೋ ಇಲ್ಲೋ? ಥೂ, ಟವರ್ ಹೋತು ಕಾಣಸ್ತದ" ಎಂದು ಕಟ್ ಮಾಡಿದಳು.

ಮತ್ತೆ ಫೋನ್ ಹಚ್ಚಿದೆ. ಮತ್ತೆ ಸುಮ್ಮನಾದೆ.