ಮಾಮಾನ ಖಾಲಿ ಚೀಲಗಳು

ನಮ್ಮ ಮಾಮಾನಷ್ಟು ಅಚ್ಚುಕಟ್ಟಿನ ಮನುಷ್ಯ ಹಳಿಯಾಳ ತಾಲ್ಲೂಕಿನಲ್ಲೇ ಇಲ್ಲವೆಂದು ನಾನು ವಾದಿಸಬಲ್ಲೆ. ಅವನಷ್ಟು ಗೊಂದಲದ ಮನುಷ್ಯ ಇಲ್ಲವೆಂದೂ ವಾದಿಸಬಲ್ಲೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರ, ವಿರೋಧ ಎರಡೂ ಕಡೆ ನಿಂತು ಕಪ್ ಗೆದ್ದವಳು ನಾನು. ಮಾಮಾನ ಎದುರು ಮಾತ್ರ ಇಂದಿಗೂ ಒಂದು ಸಮಾಧಾನಕರ ಬಹುಮಾನವೂ ಇಲ್ಲ!

ಮಾಮಾ ಎಂದರೆ ನಮ್ಮವ್ವನ ತಮ್ಮ. ಮನೆ ಕಟ್ಟಿಸಿಕೊಡುವ ಕಾಂಟ್ರ್ಯಾಕ್ಟರ್. ಕಿವಿಯ ಮೇಲೆ ಸದಾ ಒಂದು ಕೆಂಪು ಪೆನ್ಸಿಲ್. ಸ್ನಾನಕ್ಕೆ ಹೋಗುವಾಗಲಾದರೂ ತೆಗೆಯುತ್ತಾನೋ ಇಲ್ಲವೋ, ಅವನ ಹೆಂಡತಿ, ನಮ್ಮತ್ತಿಯೇ ಹೇಳಬೇಕು. ಹೊಸ ಸೈಟಿನಲ್ಲಿ ಪೂಜೆಗಿಂತ ಮೊದಲು ಅವನು ಮಾಡುವ ಕೆಲಸವೆಂದರೆ ಶೆಡ್ಡಿನ ಗೋಡೆಗೆ ಸಾಲಾಗಿ ಮೊಳೆ ಹೊಡೆದು, ಮೊಳೆಗೊಂದು ಖಾಲಿ ಚೀಲ ತೂಗುಹಾಕುವುದು. ಅಡುಗೆಮನೆಗೊಂದು, ದೇವರಮನೆಗೊಂದು, ನೀರಿನ ಟಾಕಿಗೊಂದು. ಧಾರವಾಡದ ಎಂಜಿನಿಯರ್ ನಕ್ಷೆ ಕಳಿಸಿದ ಹಾಗೆಲ್ಲ ಅದು ತನ್ನ ಚೀಲ ಸೇರುತ್ತದೆ. ಚೀಲಗಳಾದರೋ ಮದುವೆಮನೆಗಳಲ್ಲಿ ಕಾಯಿ ಹಾಕಿ ಕೊಡುವಂಥವು. ಪಾಯಖಾನೆಯ ನಕ್ಷೆ ಇರುವ ಚೀಲದ ಮೇಲೆ "ತಾವು ಬಂದು ಹರಸಿದ್ದಕ್ಕೆ ಧನ್ಯವಾದಗಳು" ಎಂದು ಅಚ್ಚಾಗಿದೆ!

ಇಂಥವನ ಮನೆಯಲ್ಲಿ ಕುಳಿತು ನಾನು ನೌಕರಿ ಮಾಡುತ್ತೇನೆ. ದಾಂಡೇಲಿಯ ನಮ್ಮ ಬಾಡಿಗೆ ಮನೆಯಲ್ಲಿ ನೆಟ್‌ವರ್ಕ್ ಮನಸ್ಸು ಬಂದಾಗ ಬರುತ್ತದೆ. ಮೇಲಾಗಿ ಅದು ಮೇಲಂತಸ್ತು. ಮೊಣಕಾಲು ನೋವಿನ ಅವ್ವ ಆ ಕಡಿದಾದ ಮೆಟ್ಟಿಲುಗಳನ್ನು ಒಂದೊಂದಕ್ಕೆ ಒಬ್ಬೊಬ್ಬ ಶರಣರ ಹೆಸರು ಕೂಗುತ್ತ ಹತ್ತುವುದು ನನ್ನ ಮೀಟಿಂಗಿನವರಿಗೆಲ್ಲ ಕೇಳಿಸುತ್ತಿತ್ತು.

ನೌಕರಿ ಏನೆಂದರೆ, ಕಟ್ಟಡ ಕಾಮಗಾರಿಯ ಕಡತಗಳನ್ನು ಇಡುವ ಒಂದು ಸಾಫ್ಟ್‌ವೇರಿಗೆ ಸೂಚನಾಪುಟ ಬರೆಯುವುದು. ಓದುವವರು ಮನುಷ್ಯರಲ್ಲ, ಎಐ ಏಜೆಂಟ್. ಕಾಮಗಾರಿಯ ಹೆಸರು ಕೊಟ್ಟರೆ ಅದರಲ್ಲಿರುವ ಫೋಲ್ಡರ್‌ಗಳ ಹೆಸರನ್ನೆಲ್ಲ ಪಟ್ಟಿ ಮಾಡಿಕೊಡುವ ಸಾಧನವೊಂದಿದೆ. ಅದನ್ನು ಯಾವಾಗ, ಹೇಗೆ ಬಳಸಬೇಕೆಂದು ಏಜೆಂಟಿಗೆ ಹೇಳುವ ಪುಟ ನನ್ನದು. ಆ ಪುಟ ಒಂದು ನಿಜವಾದ ಸೈಟಿನಲ್ಲಿ ಪಾಸಾದರೆ ನೌಕರಿ ಕಾಯಂ. ಇಲ್ಲವಾದರೆ? ಅವ್ವನಿಗೆ ಇನ್ನೂ ಮೆಟ್ಟಿಲಿಲ್ಲದ ಕೆಳಗಿನ ಮನೆ ಹುಡುಕಿಕೊಟ್ಟಿರಲಿಲ್ಲ. ಆ ಬಾಡಿಗೆಯ ಧೈರ್ಯವೆಲ್ಲ ಈ ನೌಕರಿಯದೇ.

"ಅದಕ್ಕ ಕಣ್ಣಿಲ್ಲ, ಕಿವಿಯಿಲ್ಲ. ಆದರೂ ನೀ ಬರದದ್ದು ಓದತೈತಿ?" ಎಂದು ಮಾಮಾ ಕೇಳಿದ.

"ಅಕ್ಷರಕ್ಷರ ಓದತೈತಿ ಮಾಮಾ."

"ಗ್ವಾಡಿ ಕಟ್ಟೂ ನನ್ನ ಗೌಂಡಿಗೆ ಎರಡೂ ಕಣ್ಣ ಅದಾವ, ನಾ ಬರದ ಚೀಟಿ ಓದಂಗಿಲ್ಲ. ನೀ ಪುಣ್ಯವಂತಿ ಬಿಡವಾ!"

ಪರೀಕ್ಷೆಗೆ ಮಾಮಾನ ಸೈಟೇ ಆಯ್ಕೆಯಾಯಿತು. ಅವನ ಚೀಲಗಳನ್ನೆಲ್ಲ ನೋಡಿ ಚೀಲಕ್ಕೊಂದು ಫೋಲ್ಡರ್ ಮಾಡಿದೆ. ಪುಟದಲ್ಲಿ ಜಾಣತನದ ಒಂದು ಸಾಲನ್ನೂ ಸೇರಿಸಿದೆ: ಪಟ್ಟಿ ಕೇಳುವಾಗ ಖಾಲಿ ಫೋಲ್ಡರ್‌ಗಳನ್ನು ಬಿಟ್ಟು ಕೇಳಿ. ಓದಿ ಹೇಳಿದಾಗ ಮಾಮಾನ ಹುಬ್ಬು ಏರಿತು.

"ಖಾಲಿದ್ದು ಯಾಕ ಬ್ಯಾಡ?"

"ಇಲ್ಲದ್ದರ ಮ್ಯಾಲ ಏನ್ ಮಾತಾಡೂದು? ವಾದ ಮಾಡಾಕ ಪುರಾವೆ ಬೇಕು."

"ಖಾಲಿ ಚೀಲನೂ ಪುರಾವೆನ. ನನ್ನ ಕೆಲಸ ಬಾಕಿ ಐತಿ ಅಂತ ಒದರತಿರತೈತಿ ಅದು."

"ನನಗ ಕೇಳಸವಲ್ದು."

"ನಿಮ್ಮತ್ತಿ ಒದರೂದೂ ನಿನಗ ಕೇಳಸವಲ್ದು. ಊಟಕ್ಕ ಯಾವಾಗಿಂದ ಕರ್ಯಾಕತ್ತಾಳ!"

ವಿಷಯಾಂತರ! ಚರ್ಚಾಸ್ಪರ್ಧೆಯ ನಿಯಮದಂತೆ ಅಂಕ ನನಗೇ ಎಂದು ಬರೆದುಕೊಂಡು ಊಟಕ್ಕೆ ಎದ್ದೆ.

ಪರೀಕ್ಷೆಯ ದಿನ ಸೈಟಿನ ಶೆಡ್ಡಿನಲ್ಲಿ ಮಾಮಾ, ಅವನ ಗೌಂಡಿ, ಮನೆ ಕಟ್ಟಿಸುತ್ತಿರುವ ಯಜಮಾನತಿ. ಲ್ಯಾಪ್‌ಟಾಪಿನ ಪರದೆಯಲ್ಲಿ ನಮ್ಮ ಮ್ಯಾನೇಜರ್ ಮೇಡಂ. ಅಡುಗೆಮನೆ ಕೇಳಿದೆವು, ನಕ್ಷೆ ಬಂತು. ಟಾಕಿ ಕೇಳಿದೆವು, ಅದೂ ಬಂತು. ನಾನು ಕುತ್ತಿಗೆ ನೆಟ್ಟಗೆ ಮಾಡಿಕೊಂಡೆ. ಆಗ ಮಾಮಾ ಬಾಗಿ, "ಮ್ಯಾಲಿನ ಮನಿಗೆ ಹೆಂಗ ಹೋಗೂದಪಾ?" ಎಂದ.

ಏಜೆಂಟ್ ಅತ್ಯಂತ ವಿನಯದಿಂದ ಉತ್ತರಿಸಿತು: "ಪಟ್ಟಿಯನ್ನು ಪರಿಶೀಲಿಸಿದೆ. ಈ ಮನೆಗೆ ಮೆಟ್ಟಿಲುಗಳಿಲ್ಲ."

"ಅಯ್ಯ ಶಿವನ!" ಎಂದರು ಯಜಮಾನತಿ. "ನಮ್ಮ ಅತ್ತೀನ ಮ್ಯಾಲ ಇಡೂಣು ಅಂತ ಮಾಡಿದ್ನಿರಿ. ಪಾವಟಿಗಿ ಇಲ್ಲಂದ್ರ ಹತ್ತೂದ್ ಹೆಂಗ, ಇಳಿಯೂದ್ ಹೆಂಗ?"

"ಹತ್ತಸೂದು ನಮಗ ಬಿಡ್ರಿ ಅಕ್ಕಾರ," ಎಂದ ಗೌಂಡಿ, "ಇಟ್ಟಂಗಿ ಏರಸೂ ಹಗ್ಗ ಐತಿ. ಇಳಸೂದು ನಿಮ್ಮ ಮನಸ್ಸು!"

ಎಲ್ಲರೂ ನಕ್ಕರು, ಪರದೆಯ ಮೇಡಂ ಒಬ್ಬರನ್ನು ಬಿಟ್ಟು. ಎಂಜಿನಿಯರ್ ಮೆಟ್ಟಿಲಿನ ನಕ್ಷೆಯನ್ನು ಇನ್ನೂ ಕಳಿಸಿರಲಿಲ್ಲ. ಆ ಫೋಲ್ಡರ್ ಖಾಲಿ ಇತ್ತು. ಖಾಲಿಯದನ್ನು ಕೇಳಬೇಡ ಎಂದವಳು ನಾನೇ! "ಸಂಜೆ ಇನ್ನೊಮ್ಮೆ ನೋಡೋಣ. ಅದೇ ಕೊನೆ," ಎಂದು ಮೇಡಂ ಪರದೆಯಿಂದ ಮಾಯವಾದರು.

ಮಾಮಾ "ನಾ ಹೇಳಿದ್ನಿಲ್ಲೋ" ಎನ್ನಲಿಲ್ಲ. ಎಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಸಿಮೆಂಟ್ ಚೀಲದ ಮೇಲೆ ಕುಳಿತು, "ಬರಿ," ಎಂದ. "ಖಾಲಿ ಇದ್ದದ್ದನ್ನೂ ಕರಿ ಅಂತ ಹೇಳು. ಮತ್ತ, ಹೆಸರ ನೋಡಿ ಹೊಟ್ಟ್ಯಾಗ ಏನೈತಿ ಅಂತ ಹೇಳಬ್ಯಾಡ ಅನ್ನು."

ಅದನ್ನೇ ಸೂಚನಾಪುಟದ ಗಂಭೀರ ಭಾಷೆಗೆ ತಂದೆ: ಪಟ್ಟಿ ಹೆಸರನ್ನಷ್ಟೇ ತಿಳಿಸುತ್ತದೆ, ತೆರೆದು ನೋಡದೆ ಒಳಗಿನದರ ಬಗ್ಗೆ ಮಾತನಾಡಬೇಡಿ.

ಸಂಜೆ ಅದೇ ಪ್ರಶ್ನೆ. "ಮೆಟ್ಟಿಲುಗಳ ಫೋಲ್ಡರ್ ಇದೆ," ಎಂದಿತು ಏಜೆಂಟ್. "ತೆರೆದು ನೋಡಿದೆ. ನಕ್ಷೆ ಇನ್ನೂ ಬರಬೇಕಾಗಿದೆ."

"ಶಾಣ್ಯಾ ಐತಿ!" ಎಂದ ಮಾಮಾ. "ಎಂಜಿನಿಯರಗ ನೀನ ಒಂದ್ ಫೋನ್ ಹಚ್ಚಿಬಿಡಪಾ, ನನ್ನ ಫೋನ್ ಎತ್ತವಲ್ಲ!" ಮೇಡಂ ಈಗ ನಕ್ಕರು. ನೌಕರಿ ಕಾಯಂ ಆಯಿತು.

ಮಾಮಾನ ಮನೆಗೆ ಬಂದವಳಿಗೆ ಗೆದ್ದ ಸೊಕ್ಕು. ಹಿಂದಿನ ಕೋಣೆಯ ಬಾಗಿಲ ಮರೆಯಲ್ಲಿ ವರ್ಷಗಳಿಂದ ತೂಗುವ ಒಂದು ಚೀಲವಿದೆ. ಮೇಲೆ ಕೆಂಪು ಪೆನ್ಸಿಲಿನಲ್ಲಿ "ಅಕ್ಕ" ಎಂದಷ್ಟೇ ಬರೆದಿದೆ. ಅಡುಗೆಮನೆಯಲ್ಲಿದ್ದ ಮಾಮಾನಿಗೆ ಕೇಳುವಂತೆ ಕೂಗಿದೆ. "ಮಾಮಾ, ಈ ಖಾಲಿ ಚೀಲ ಏನಂತ ಒದರಾಕತ್ತೈತಿ?"

"ತೆರದು ನೋಡಿದ್ಯಾ?"

"ನೋಡೂದೇನು, ಚಪ್ಪಟಿ ಐತಿ!"

"ಹಂಗಾರ ನಿನ್ನ ಪುಟ ಎಐ ಅಷ್ಟ ಓದಬೇಕೇನು? ಬರದಾಕಿ ಓದಬಾರದೇನು?"

ತೆರೆದೆ. ಒಂದೇ ಒಂದು ಹಾಳೆ. ಎರಡನೇ ಇಯತ್ತೆಯಲ್ಲಿ ಓದುತ್ತಿದ್ದಾಗ ನಾನು ಬಣ್ಣದ ಕಡ್ಡಿಯಿಂದ ಬರೆದ ಎರಡಂತಸ್ತಿನ ಮನೆ. ಮೇಲಿನ ಕಿಟಕಿಯಲ್ಲಿ ತುರುಬು ಕಟ್ಟಿಕೊಂಡ ಅವ್ವ. ಮೆಟ್ಟಿಲುಗಳಿಲ್ಲ! ಏಜೆಂಟಿನ ತಪ್ಪನ್ನು ನಾನು ಏಳನೇ ವಯಸ್ಸಿನಲ್ಲೇ ಮಾಡಿ ಮುಗಿಸಿದ್ದೆ.

ಆ ಮನೆಯ ಪಕ್ಕದಲ್ಲಿ ಕೆಂಪು ಪೆನ್ಸಿಲಿನ ಮೆಟ್ಟಿಲುಗಳು ನೆಟ್ಟಗೆ ಮೇಲೇರಿದ್ದವು. ಪಕ್ಕದಲ್ಲಿ ಮೆಟ್ಟಿಲಿನ ಎತ್ತರ. ಏಳು ಇಂಚು ಎಂದು ಬರೆದು ಹೊಡೆದುಹಾಕಿತ್ತು. ಆರು ಎಂದು ಬರೆದು ಅದನ್ನೂ ಹೊಡೆದುಹಾಕಿತ್ತು. ಕೆಳಗೆ, ಮೊನ್ನೆ ಮೊನ್ನೆ ಬರೆದಂತಿದ್ದ ದಪ್ಪ ಅಕ್ಷರದಲ್ಲಿ: ಐದು. ಅವ್ವನ ಮೊಣಕಾಲು ಕೆಟ್ಟ ಹಾಗೆಲ್ಲ ಮೆಟ್ಟಿಲು ತಗ್ಗುತ್ತ ಬಂದಿತ್ತು.

"ಏನೈತಿ ಒಳಗ?" ಅಡುಗೆಮನೆಯಿಂದ ಮಾಮಾ ಕೂಗಿದ.

ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿದೆ.

"ಕೆಲಸ ಬಾಕಿ ಐತಿ ಮಾಮಾ," ಎಂದೆ.