ಸಿಪಾಯಿ ನಿಜಗುಣಪ್ಪನ ಅನಧಿಕೃತ ಎತ್ತರ

ಬೈಲಹೊಂಗಲದ ಬೀಜ ವಿತರಣಾ ಮಂಡಳಿಯಲ್ಲಿ ಹನ್ನೊಂದು ವರ್ಷ ದಿನಗೂಲಿ ಮೇಲೆ ದುಡಿದ ಸಂಗೊಳ್ಳಿಯ ನಿಜಗುಣಪ್ಪನಷ್ಟು ವಿನಯವಂತ ಸಿಪಾಯಿ ಮಂಡಳಿ ಹುಟ್ಟಿದಾಗಿನಿಂದ ಇನ್ನೊಬ್ಬ ಆಗಿಲ್ಲ ಎಂದು ಸರ್ವಾನುಮತದ ಠರಾವು ಆಗಿತ್ತು. ಅವನಿಗೆ ಇದ್ದದ್ದು ವಿನಯವಲ್ಲ, ಬೆನ್ನುಬ್ಯಾನಿ.

ಬ್ಯಾನಿ ಅಂದರೆ ಚೀಲ ಎತ್ತಿ ಉಳುಕಿದ ಬ್ಯಾನಿಯೂ ಅಲ್ಲ. ಬೆಳಿಗ್ಗೆ ಏಳುವಾಗ ಸೊಂಟದಿಂದ ಕುತ್ತಿಗೆತನಕ ಒಣಗಿದ ತೊಗಲಿನಂತೆ ಬಿರುಸಾಗಿರುತ್ತಿತ್ತು. ಹೆಂಡತಿ ತಂಗೆವ್ವ ಒಂದು ಕೈ ಹಿಡಿದು, ಇನ್ನೊಂದು ಕೈಗೆ ಗೋಡೆ ಸಿಕ್ಕರೆ ಮನುಷ್ಯ ಎದ್ದ, ಇಲ್ಲದಿದ್ದರೆ ಬಸ್ಸು ಹೋಯಿತು. ವರ್ಷ ಹೋದ ಹಾಗೆ ಬೆನ್ನು ಬಲಿತ ಜೋಳದ ತೆನೆಯಂತೆ ಮುಂದಕ್ಕೆ ಬಾಗುತ್ತ ಬಂತು. ಅವನ ಮುಖ ನೋಡಬೇಕೆಂದರೆ ನೋಡುವವರೂ ಬಗ್ಗಬೇಕು.

ಅಧ್ಯಕ್ಷ ವಿರೂಪಾಕ್ಷಗೌಡರಿಗೆ ಬಗ್ಗಿದ ಬೆನ್ನೆಂದರೆ ಹೋಳಿಗೆ ತುಪ್ಪ. ಬೆಳಿಗ್ಗೆ ಅವರು ಜೀಪಿನಿಂದ ಇಳಿದಾಗ ಸಿಬ್ಬಂದಿಯೆಲ್ಲ ಸಾಲಾಗಿ ಕಾಲು ಮುಟ್ಟಬೇಕು. ಇದು ಕಾನೂನಲ್ಲ, ರೂಢಿ. ಕಾನೂನಾಗಿದ್ದರೆ ಯಾರಾದರೂ ತಪ್ಪಿಸುತ್ತಿದ್ದರು. ಕಾಲು ಮುಟ್ಟಿ ಸೊಂಟ ಎತ್ತುವುದಕ್ಕೆ ಅವಸರ ಮಾಡಿದ ಇಬ್ಬರು ಗುಮಾಸ್ತರು ರಾಮದುರ್ಗದ ಗೋದಾಮಿನಲ್ಲಿ ಇಲಿ ಕಾಯುತ್ತಿದ್ದರು. ನಿಜಗುಣಪ್ಪ ಮಾತ್ರ ಗೌಡರು ಬರುವ ಮೊದಲೇ ಬಗ್ಗಿರುತ್ತಿದ್ದ, ಹೋದ ಮೇಲೂ ಬಗ್ಗಿರುತ್ತಿದ್ದ. ಗೌಡರು ಅವನನ್ನು ತೋರಿಸಿ ಉಳಿದವರಿಗೆ, ಸಂಸ್ಕಾರ ಅಂದರೆ ಇದು, ನೋಡಿ ಕಲಿಯಿರಿ ಎನ್ನುತ್ತಿದ್ದರು. ಹಾಗೆ ಹೇಳುತ್ತಲೇ ಒಂದು ದಿನ, ಇವನನ್ನು ಕಾಯಂ ಮಾಡಿಬಿಡೋಣ ಎಂದೂ ಬಾಯಿ ಬಿಟ್ಟರು.

ಹನ್ನೊಂದು ವರ್ಷ ಆ ಮಾತಿಗಾಗಿಯೇ ಕಾಯುತ್ತಿದ್ದ ನಿಜಗುಣಪ್ಪ ಅಂದು ಬಸ್ಸಿನಲ್ಲಿ ಒಬ್ಬನೇ ನಕ್ಕ. ನೆಲ ನೋಡಿಕೊಂಡೇ ನಕ್ಕಿದ್ದರಿಂದ ಯಾರಿಗೂ ಕಾಣಲಿಲ್ಲ.

ಆದರೆ ಕಾಯಂ ಆಗುವುದಕ್ಕೆ ದೇಹದಾರ್ಢ್ಯದ ಸರ್ಟಿಫಿಕೇಟು ಬೇಕು. ನಿಯಮದಲ್ಲಿ ಸ್ಪಷ್ಟವಾಗಿ ಬರೆದಿದೆ: “ಅಭ್ಯರ್ಥಿಯ ಬೆನ್ನು ನೆಟ್ಟಗಿರತಕ್ಕದ್ದು.” ದವಾಖಾನೆಯ ಡಾಕ್ಟರು ಎಲುಬಿನ ಫೋಟೋ ತೆಗೆಸಿ, ರಕ್ತ ನೋಡಿ, ಇದು ಬೆನ್ನೆಲುಬಿನ ಕೀಲುಗಳು ಬಾತು ಒಂದಕ್ಕೊಂದು ಬೆಸೆದುಕೊಳ್ಳುವ ರೋಗ, ಗುಳಿಗೆ ಕೊಡುತ್ತೇನೆ, ಆದರೆ ಬರೀ ಗುಳಿಗೆ ನುಂಗಿ ಮಲಗಿದರೆ ಮಲಗಿದ್ದೇ ಆಗುತ್ತದೆ ಎಂದು, ವ್ಯಾಯಾಮ ಮಾಡಿಸುವ ಸಿಮ್ರನ ಮೇಡಮ್ಮರ ಕಡೆ ಕಳಿಸಿದರು.

ಸಿಮ್ರನ ಮುನವಳ್ಳಿಯ ಹುಡುಗಿ. ಸಣ್ಣ ಆಳು, ದೊಡ್ಡ ಬಾಯಿ. ಬೀಗಕ್ಕೆ ಎಣ್ಣೆ ಬಿಟ್ಟರೆ ಸಾಲದು, ದಿನಾ ಕೀಲಿ ತಿರುಗಿಸಬೇಕು ಎಂದು ಮೊದಲ ದಿನವೇ ಹೇಳಿದಳು. ದಿನಾ ಅರ್ಧ ತಾಸು ಬಿರುಸಾಗಿ ನಡೆಯಬೇಕು. ಏದುಸಿರು ಬರಬೇಕು, ಆದರೆ ಪಕ್ಕದವನ ಜೊತೆ ಮಾತಾಡುವಷ್ಟು ದಮ್ಮೂ ಉಳಿದಿರಬೇಕು. ಸೈಕಲ್ ತುಳಿಯಬೇಕು. ಗೋಡೆಗೆ ಹಿಮ್ಮಡಿ, ಕುಂಡಿ, ಹೆಗಲು ಹಚ್ಚಿ ನಿಂತು ತಲೆಯನ್ನೂ ಹಚ್ಚಲು ನೋಡಬೇಕು. ಎದೆ ತುಂಬ ಉಸಿರು ಎಳೆಯಬೇಕು.

ನಿಜಗುಣಪ್ಪ ಎರಡು ಸ್ಟಾಪು ಮೊದಲೇ ಬಸ್ಸಿಳಿದು ನಡೆಯತೊಡಗಿದ. ಮೊದಲ ವಾರ ದಾರಿಯ ಹೊಲದವರೆಲ್ಲ, ಯಾರು ಹೋದರು, ಮಣ್ಣು ಎಷ್ಟು ಗಂಟೆಗೆ ಎಂದು ಕೇಳಿದರು. ಯಾರೂ ಸತ್ತಿಲ್ಲ, ಸುಮ್ಮನೆ ನಡೆಯುತ್ತಿದ್ದೇನೆ ಎಂದರೆ ನಂಬಲಿಲ್ಲ. ಕೆಲಸವಿಲ್ಲದೆ ಬಿರುಸಾಗಿ ನಡೆಯುವ ಮನುಷ್ಯನನ್ನು ಆ ದಾರಿ ಕಂಡಿರಲಿಲ್ಲ. ಆರು ತಿಂಗಳಿಗೆ ಅವನ ತಲೆ ಗೋಡೆ ಮುಟ್ಟಿತು. ತಂಗೆವ್ವ ಅಂಗಳದಲ್ಲಿ ನಿಂತು ಗಂಡನನ್ನು ಮೇಲೆ ಕೆಳಗೆ ನೋಡಿದಳು.

“ಇಷ್ಟುದ್ದ ಇದ್ದಿರೇನ್ರಿ ನೀವು? ಲಗ್ನದಾಗ ನಮ್ಮಪ್ಪ ಹೇಳಿದ್ದ, ನಾನ ನಂಬಿರಲಿಲ್ಲ.”

ಮರುದಿನ ನಿಜಗುಣಪ್ಪ ಗೌಡರ ಕೋಣೆಗೆ ಚಹಾ ಒಯ್ದ. ಕೇಡು ಬಂದದ್ದು ಅಲ್ಲಿ. ಟೇಬಲ್ಲಿನ ಮೇಲೆ ಕಪ್ಪು ಇಟ್ಟು ನೆಟ್ಟಗೆ ನಿಂತ. ಗೌಡರು ಕುರ್ಚಿಯಿಂದ ಎದ್ದರು. ಎದ್ದ ಮೇಲೂ ಸಿಪಾಯಿಯ ಕಣ್ಣು ಇವರ ಕಣ್ಣಿಗಿಂತ ಒಂದು ಗೇಣು ಮೇಲೆಯೇ ಇತ್ತು. ಗೌಡರು ಚಹಾ ಕುಡಿಯಲಿಲ್ಲ.

ಮಂಡಳಿಯ ಕಾರ್ಯದರ್ಶಿ ಸುಭಾಸ. ಗೌಡರು ಸೀನಿದರೆ ತಾನು ಮೂಗು ಒರೆಸಿಕೊಳ್ಳುವ ಪೈಕಿ. ಮಧ್ಯಾಹ್ನದೊಳಗೆ ನೋಟೀಸು ಹೊರಡಿಸಿದ:

“ತಾವು ಸೇವಾ ಅವಧಿಯಲ್ಲಿ, ಮಾನ್ಯ ಅಧ್ಯಕ್ಷರ ಸಮಕ್ಷಮ, ಪೂರ್ವಾನುಮತಿ ಇಲ್ಲದೆ ಅನಧಿಕೃತವಾಗಿ ಎತ್ತರವಾಗಿರುವುದು ಗಮನಕ್ಕೆ ಬಂದಿರುತ್ತದೆ. ಮೂರು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು.”

ನಾನು ಹೊಸದಾಗಿ ಎತ್ತರ ಆಗಿಲ್ಲ, ಮೊದಲಿನಿಂದ ಇದ್ದದ್ದೇ ಇಷ್ಟು ಎಂದು ನಿಜಗುಣಪ್ಪ ಬರೆದುಕೊಟ್ಟ. ಸತ್ಯ ಹೇಳಿದರೆ ಮುಗಿಯಿತು ಎಂದುಕೊಂಡಿದ್ದ, ಪಾಪ. ಎರಡನೇ ನೋಟೀಸು ಬಂತು: ಹಾಗಿದ್ದಲ್ಲಿ ಹನ್ನೊಂದು ವರ್ಷ ನಿಜವಾದ ಎತ್ತರವನ್ನು ಮಂಡಳಿಯಿಂದ ಮರೆಮಾಚಿದ್ದು ಏಕೆ?

ಸುಭಾಸನೇ ಒಂದು ಉಪಾಯ ಹೇಳಿದ. ಹತ್ತರಿಂದ ಐದೂವರೆತನಕ ಬಗ್ಗಿರಬೇಕು, ಊಟದ ಅರ್ಧ ತಾಸು ನೆಟ್ಟಗಾಗಲು ಅಡ್ಡಿಯಿಲ್ಲ, ಆದರೆ ಗೋದಾಮಿನ ಹಿಂದೆ. ನಿಜಗುಣಪ್ಪ ಎಂಟು ದಿನ ಹಾಗೆಯೇ ಮಾಡಿದ. ಒಂಬತ್ತನೇ ದಿನ ಬೆಳಿಗ್ಗೆ ಹಳೆಯ ಗೋಡೆ, ತಂಗೆವ್ವನ ಹಳೆಯ ಕೈ, ಎರಡೂ ಬೇಕಾದವು. ಸಿಮ್ರನ ಅವನ ಬೆನ್ನ ಮೇಲೆ ಬೆರಳಾಡಿಸಿ ನೋಡಿ ಸಿಡುಕಿದಳು.

“ಅಣ್ಣಾ, ಈ ಎಲುಬು ನೀವು ಇಟ್ಟಂಗ ಕೂಡತಾವು. ಬಗ್ಗಿ ಇಟ್ರ ಬಗ್ಗೇ ಬೆಸಗೊಂತಾವು. ಆಮ್ಯಾಲೆ ನಾನೂ ಎತ್ತಾಕ ಬರೂದಿಲ್ಲ, ನಿಮ್ಮ ಗೌಡ್ರೂ ಎತ್ತಾಕ ಬರೂದಿಲ್ಲ.”

“ನೆಟ್ಟಗ ನಿಂತ್ರ ನೌಕರಿ ಹೋಗತೈತ್ರಿ ಮೇಡಮ್ಮಾರ.”

“ಬಗ್ಗಿದ್ರ?”

ಬಗ್ಗಿದರೆ ಡಾಕ್ಟರು ಸಹಿ ಹಾಕುವುದಿಲ್ಲ, ನೆಟ್ಟಗಾದರೆ ಗೌಡರು ಹಾಕುವುದಿಲ್ಲ. ಎರಡು ಸಹಿ ಇಲ್ಲದೆ ಕಾಯಂ ಇಲ್ಲ. ಅಷ್ಟರಲ್ಲಿ ಸುಭಾಸ, ಆಡಳಿತದ ಅನುಕೂಲಕ್ಕಾಗಿ ಎರಡೂ ತಪಾಸಣೆಯನ್ನು ಒಂದೇ ದಿನ, ಒಂದೇ ಕೋಣೆಯಲ್ಲಿ, ಹನ್ನೊಂದು ಗಂಟೆಗೆ ಇಟ್ಟುಬಿಟ್ಟ. ಬೆನ್ನಿನ ವಿಷಯದಲ್ಲಿ ಸಾಕ್ಷಿ ಹೇಳಲು ಸಿಮ್ರನಳನ್ನೂ ಕರೆಸಿದ.

ಆ ದಿನ ಗೌಡರು ಎಡಕ್ಕೆ ಕುಳಿತರು, ಡಾಕ್ಟರು ಬಲಕ್ಕೆ. ನಿಜಗುಣಪ್ಪ ಬಾಗಿಲಲ್ಲಿ ನಿಂತ. ಡಾಕ್ಟರ ಕಡೆ ನೋಡಿ ಬೆನ್ನು ಒಂದಿಷ್ಟು ಎತ್ತಿದ. ಗೌಡರು ಗಂಟಲು ಸರಿಮಾಡಿಕೊಂಡರು, ಒಂದಿಷ್ಟು ಬಗ್ಗಿದ. ಡಾಕ್ಟರು ಪೆನ್ನು ಮುಚ್ಚಿದರು, ಮತ್ತೆ ಎದ್ದ. ಹೀಗೆ ಏತದ ಗಳದಂತೆ ನಾಲ್ಕೈದು ಸಲ ಏಳುಬೀಳು ಆಡಿದ ಮೇಲೆ ಸೊಂಟ ಹಿಡಿದುಕೊಂಡು ನಡುವೆಯೇ ಸಿಕ್ಕಿಬಿತ್ತು. ಅತ್ತ ಬಗ್ಗಲೊಲ್ಲದು, ಇತ್ತ ಏಳಲೊಲ್ಲದು. ಹಣೆಯ ಬೆವರು ಮೂಗಿನ ತುದಿಯಿಂದ ಗೌಡರ ಗಾಲೀಚೆಯ ಮೇಲೆ ತೊಟ್ಟಿಕ್ಕಿತು.

ಸಿಮ್ರನ ಎದ್ದು ಬಂದು ಅವನ ರಟ್ಟೆ ಹಿಡಿದಳು.

“ಬೋರಲ ಮಲಕೊಳ್ರಿ. ಕೈ ಮುಂದ ಚಾಚ್ರಿ. ಎದಿ ನೆಲಕ್ಕ ಹತ್ತಲಿ.”

ಇಂಥ ಬೆನ್ನಿಗೆ ಬೋರಲು ಮಲಗುವುದೂ ಒಂದು ಚಿಕಿತ್ಸೆಯೇ. ಆದರೆ ಅದು ಗೌಡರಿಗೇನು ಗೊತ್ತು. ಅವರ ಕಣ್ಣಿಗೆ ಕಂಡದ್ದು, ಸವದತ್ತಿ ಗುಡ್ಡದಲ್ಲಿ ಹರಕೆ ಹೊತ್ತವರು ನೆಲಕ್ಕೆ ಉದ್ದಕ್ಕೆ ಮಲಗಿ ಹಾಕುವಂಥ ದೀಡ ನಮಸ್ಕಾರ. ಅದೂ ದೇವಿಗಲ್ಲ, ತಮಗೆ. ಗೌಡರ ಕಣ್ಣು ತುಂಬಿ ಬಂದವು. ಡಾಕ್ಟರು ಗುಮಾಸ್ತನ ರೂಲುಕಟ್ಟಿಗೆ ಇಸಿದುಕೊಂಡು ಮಲಗಿದವನ ಬೆನ್ನ ಮೇಲೆ ಇಟ್ಟರು. ಕಟ್ಟಿಗೆ ಎಲ್ಲಿಯೂ ಅಲುಗಲಿಲ್ಲ. ನೆಟ್ಟಗಿದೆ ಎಂದು ಬರೆದರು.

“ಇಂಥಾ ಮನಶ್ಯಾಗ ನೋಟೀಸ ಯಾಂವ ಕೊಟ್ಟಾಂವ?” ಎಂದರು ಗೌಡರು.

“ಅದನ್ನ ಹುಡಕಾಕ ಸಮಿತಿ ಮಾಡತೇನ್ರಿ ಸಾಹೇಬ್ರ,” ಎಂದ ಸುಭಾಸ.

ಎರಡೂ ಸಹಿ ಬಿದ್ದವು. ನಾಲ್ಕನೇ ದಿನ ಕಾಯಂ ಆದೇಶ ಕೈಗೆ ಬಂತು. ಶಾಲೆಗೆ ಮೂರು ವರ್ಷ ಹೋದ ತಂಗೆವ್ವ ಅದನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದಳು: “ಸದರಿ ಸಿಪಾಯಿಯನ್ನು ಮಲಗಿದ ಸ್ಥಿತಿಯಲ್ಲಿ ಕಾಯಂಗೊಳಿಸಲಾಗಿದೆ. ಕಚೇರಿ ವೇಳೆಯಲ್ಲಿ ನಿಂತದ್ದು ಕಂಡುಬಂದಲ್ಲಿ ಹುದ್ದೆ ತಂತಾನೇ ರದ್ದಾಗತಕ್ಕದ್ದು.”

ತಂಗೆವ್ವ ಕಾಗದ ಮಡಿಚಿ ಸೆರಗಿಗೆ ಗಂಟು ಹಾಕಿಕೊಂಡಳು. “ಹೋಗಲಿ ಬಿಡ್ರಿ. ನೆಟ್ಟಗಂತೂ ಇಟ್ಟಾರ.”

ನಿಜಗುಣಪ್ಪ ಹತ್ತರಿಂದ ಐದೂವರೆತನಕ ಗೌಡರ ಕೋಣೆಯ ಬಾಗಿಲಲ್ಲಿ ಬೋರಲು ಮಲಗಿ ಸೇವೆ ಸಲ್ಲಿಸತೊಡಗಿದ. ಚಹಾದ ತಾಟನ್ನು ಮೊಣಕೈಯಿಂದ ಮುಂದಕ್ಕೆ ಸರಿಸುತ್ತಿದ್ದ. ದಿನಪೂರ್ತಿ ಮಲಗಿರಬೇಡಿ, ತಾಸಿಗೊಮ್ಮೆ ಎದ್ದು ನಡೆದಾಡಿ ಎಂದು ಸಿಮ್ರನ ಬಾಯಿ ಬಡಿದುಕೊಂಡಳು. ಮಂಡಳಿ ಅವಳಿಗೆ ಶಾಲು ಹೊದಿಸಿ, ನಮಸ್ಕಾರ ಸಲಹೆಗಾರ್ತಿ ಎಂದು ನೇಮಿಸಿತು. ಅವಳ ಸಲಹೆ ಅಲ್ಲಿಗೆ ಮುಗಿಯಿತು. ಮೊದಲ ವಾರ ಉಳಿದವರು ನಿಜಗುಣಪ್ಪನನ್ನು ದಾಟಿಕೊಂಡು ಓಡಾಡಿದರು. ಎರಡನೇ ವಾರ, ಮಲಗಿದವನು ಕಾಯಂ ಆದ, ನಿಂತ ನಾವು ನಿಂತೇ ಇದ್ದೇವೆ ಎಂಬುದು ಅವರ ತಲೆಗೆ ಹೊಳೆಯಿತು. ಮೊದಲು ಮಲಗಿದವನು ಸುಭಾಸ. ಅವನ ಬೆನ್ನಿಗೆ ಏನೂ ಆಗಿರಲಿಲ್ಲ, ಇದ್ದರೆ ತಾನೆ ಆಗುವುದು. ತಿಂಗಳಿಗೆ ಕಿತ್ತೂರು, ರಾಮದುರ್ಗದ ಶಾಖೆಗಳೂ ಮಲಗಿದವು. ಬೀಜಕ್ಕೆ ಬಂದ ದೇಗಾಂವದ ರೈತನೊಬ್ಬ ಬಾಗಿಲಲ್ಲಿ ನಿಂತು ಒಳಗೆ ನೋಡಿದ, ಅರ್ಜಿ ಎಲ್ಲಿ ಕೊಡಬೇಕೆಂದು ಕೇಳಿದ, ನೆಲದ ಮೇಲೆ ತಳ್ಳಿರಿ ಎಂದರು. ರುಮಾಲು ಬಿಚ್ಚಿ ಪಕ್ಕಕ್ಕಿಟ್ಟು ತಾನೂ ಮಲಗಿ ತಳ್ಳಿದ. ಎಷ್ಟು ಹೊತ್ತಾಗುತ್ತದೆ ಎಂದಷ್ಟೇ ಕೇಳಿದ.

ಚಳಿ ಬಿದ್ದಾಗ ನೆಲ ಕೊರೆಯತೊಡಗಿತು. ತಂಗೆವ್ವ ಹಳೆಯ ಸೀರೆ ಕೂಡಿಸಿ ಗಂಡನಿಗೆ ನಾಲ್ಕು ಪದರದ ಕೌದಿ ಹೊಲಿದು ಕಳಿಸಿದಳು. ಉಳಿದವರ ಹೆಂಡಂದಿರೂ ಬಂದು ಅಳತೆ ಕೇಳಿಕೊಂಡು ಹೋದರು. ಹದಿನೈದು ದಿನಕ್ಕೆ ಸುತ್ತೋಲೆ ಬಂತು: “ಕೌದಿಯ ದಪ್ಪದಿಂದ ಕೆಳ ಸಿಬ್ಬಂದಿಯು ಮೇಲಧಿಕಾರಿಗಿಂತ ಎತ್ತರವಾಗುತ್ತಿರುವುದು ಕಂಡುಬಂದಿದ್ದು, ಸಿಪಾಯಿಗಳ ಕೌದಿ ಮೂರು ಪದರ ಮೀರಬಾರದು.”

ತಂಗೆವ್ವ ರಾತ್ರಿ ಕುಳಿತು ಒಂದು ಪದರ ಬಿಚ್ಚಿ ಕೊಟ್ಟಳು.